ಬೇಸಿಗೆಯಲ್ಲಿ ಕಡಿದ ಜಾಲಿ ಮತ್ತೆ ಚಿಗುರಿದ್ದೇಕೆ?

ಪ್ರಶ್ನೆ: ತಾಳಿಕೋಟೆ ಹತ್ತಿರ ಡೋಣಿ ಹೊಳೆ ದಂಡೆಗೆ ನಮ್ಮ ಎರೆ ಹೊಲ. ಬದುವಿನ ತುಂಬ ಬಳ್ಳಾರಿ ಜಾಲಿ. ಏಪ್ರಿಲ್‌ನಲ್ಲಿ ಕಡಿಸಿ, ಮರುದಿನ ಬೊಡ್ಡೆಗೆ ಗ್ಲೈಫೋಸೇಟ್ ಕಳೆನಾಶಕ ಹೊಡೆದೆ. ಕಾರಹುಣ್ಣಿಮೆ ಹೊತ್ತಿಗೆ ಒಂದು ಇದ್ದಲ್ಲಿ ಹತ್ತು ಚಿಗುರು. ಔಷಧಿಯೇ ನಕಲಿ ಇರಬಹುದಾ?

ಉತ್ತರ: ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ತಪ್ಪಿರುವುದು ಹೊತ್ತಿನಲ್ಲಿ.

ಜಾಲಿ ಸಾಯಬೇಕಾದರೆ ವಿಷ ಬೇರಿಗೆ ಇಳಿಯಬೇಕು. ಎಲೆ ಮಾಡಿದ ಆಹಾರ ಕೆಳಗೆ ಹರಿಯುವಾಗ ಅದರ ಜೊತೆಗೇ ವಿಷವೂ ಇಳಿಯುತ್ತದೆ. ಹೊಸ ಚಿಗುರು ಬರುವಾಗ ಹರಿವು ಬೇರಿನಿಂದ ಮೇಲಕ್ಕೆ. ಬಿರು ಬೇಸಿಗೆಯಲ್ಲಿ ಗಿಡಕ್ಕೇ ನೀರಿಲ್ಲ, ಎಲ್ಲವೂ ಮಂದ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್‌ನಲ್ಲೇ ಅಲ್ವಾ? ಹುಬ್ಬಿ, ಉತ್ತರಿ ಮಳೆ ಆದ ಮೇಲೆ ಎಲೆ ಬಲಿತು ಕಡು ಹಸಿರಾಗುತ್ತದೆ. ಅದೇ ಸರಿಯಾದ ಕಾಲ. ಎಲೆ ಇನ್ನೂ ತಿಳಿ ಹಸಿರಿದ್ದರೆ ಕಾಯಿರಿ.

ಇನ್ನು 'ಮರುದಿನ' ಅಂದಿರಲ್ಲ, ಅಲ್ಲೇ ಅರ್ಧ ಕೆಲಸ ಕೆಟ್ಟಿತು. ಕಡಿದ ಗಾಯ ಬೇಗ ಒಣಗುತ್ತದೆ. ಕೊಡಲಿ ಹಿಡಿದವರ ಹಿಂದೆಯೇ ಬ್ರಷ್ ಹಿಡಿದು ಒಬ್ಬರು ಹೋಗಬೇಕು. ಐದು ಹತ್ತು ನಿಮಿಷದೊಳಗೆ ಹಚ್ಚಬೇಕು. ಅದೂ ಬೊಡ್ಡೆಯ ನಡುವಿಗಲ್ಲ, ತೊಗಟೆಗೆ ತಾಗಿದ ಹಸಿ ಉಂಗುರಕ್ಕೆ. ಬೊಡ್ಡೆ ಮೇಲಿನ ಮಣ್ಣು ಮೊದಲು ಒರೆಸಿ. ಮಣ್ಣು ಗ್ಲೈಫೋಸೇಟನ್ನು ಹಿಡಿದಿಟ್ಟುಕೊಂಡು ಬಲ ಕಳೆಯುತ್ತದೆ. ಡೋಣಿಯ ರಾಡಿ ನೀರಿನಲ್ಲಿ ಕಲಸಿದ್ದರಂತೂ ಸುಮ್ನೆ ದುಡ್ಡು ದಂಡ.

ಒಂದು ಮಾತು. 2022ರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಗೆ ನಿರ್ಬಂಧ ಹಾಕಿ ಆದೇಶ ಹೊರಡಿಸಿತು. ಈಗ ಏನು ಬಳಸಬಹುದು, ಎಷ್ಟು, ಯಾರು ಹೊಡೆಯಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಕೊಳ್ಳಿ. ಹೊಳೆಯ ಅಂಚಿಗೆ ಮಾತ್ರ ಔಷಧಿ ಬೇಡವೇ ಬೇಡ.

ಅಲ್ಲಿ ಗುದ್ದಲಿಯೇ ಸೈ. ಜಾಲಿಯ ಮೊಗ್ಗುಗಳು ನೆಲದೊಳಗಿನ ಬುಡದಲ್ಲಿ ಅಡಗಿರುತ್ತವೆ. ಮೇಲೆ ಎಷ್ಟು ನುಣ್ಣಗೆ ಸವರಿದರೂ ಅವು ಏಳುತ್ತವೆ. ಮಳೆಗೆ ನೆಲ ಮೆತ್ತಗಾದಾಗ ಒಂದು ಗೇಣಿಗಿಂತ ಆಳಕ್ಕೆ ಅಗೆದು ಬೇರು ಕತ್ತರಿಸಿ. ಬೆವರು ಜಾಸ್ತಿ, ಆದರೆ ಸಣ್ಣ ಗಿಡಗಳಿಗೆ ನನಗೂ ಇದೇ ಇಷ್ಟ.

ಈಗಿನ ಚಿಗುರನ್ನು ಕಡಿಯಬೇಡಿ, ಎಲೆ ಬಲಿಯಲಿ. ಆಮೇಲೆ ಹೊಸದಾಗಿ ಕಡಿದು ಹಚ್ಚಿ. ಆಡುಗಳು ಕಾಯಿ ತಿಂದರೆ ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬಂದು ಮೊಳೆಯುತ್ತದೆ. ಹಾಗಾಗಿ ಕುರಿ, ಆಡು ನಿಲ್ಲಿಸಿದ ಹೊಲದಲ್ಲಿ ಮುಂದಿನ ಮಳೆಗೆ ಒಮ್ಮೆ ಸುತ್ತಾಡಿ, ಎರಡೆಲೆಯ ಸಸಿಗಳನ್ನು ಕೈಯಲ್ಲೇ ಕಿತ್ತುಬಿಡಿ.