ನಿಮ್ಮ ಲೇಖನದಲ್ಲಿ ಕಟ್ಟಡ ಕಾಣುತ್ತಿಲ್ಲ

ನಮಸ್ಕಾರ,

ಹಳೆಯ ಕಟ್ಟಡಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನನಗೆ ತುಂಬಾ ಇಷ್ಟವಾಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಳ್ಳೆಯ ಗೈಡ್, ಒಳ್ಳೆಯ ಫಲಕ ಇದ್ದರೆ ಅದೇ ಕಟ್ಟಡ ಬೇರೆಯಾಗಿ ಕಾಣುತ್ತದೆ ಅಂತೀರಿ. ನಿಜ. ಆದರೆ ಆರು ಪುಟಗಳಲ್ಲಿ ಅದನ್ನು ಹೇಳಿದ್ದೇ ಜಾಸ್ತಿ, ಒಮ್ಮೆಯೂ ತೋರಿಸಿಲ್ಲ. ಬರೀ ಮಾಹಿತಿ ಕೊಟ್ಟರೆ ಅದು ವಿವರಣೆ ಆಗುವುದಿಲ್ಲ ಎಂದು, ಇಂಥ ತಾಣಗಳನ್ನು ಜನರಿಗೆ ವಿವರಿಸುವುದು ಹೇಗೆ ಅಂತ ಬರೆದ ಅಮೆರಿಕದ ಲೇಖಕ ಫ್ರೀಮನ್ ಟಿಲ್ಡನ್ 1957ರಲ್ಲೇ ಬರೆದರು. ಮೊದಲ ಪುಟದಲ್ಲಿ ಅವರ ಮಾತನ್ನು ನೆನೆದು, ಆಮೇಲೆ ಹದಿನೆಂಟು ಕಟ್ಟಡಗಳ ಇಸವಿ, ಎತ್ತರ ಸುಮ್ನೆ ಜೋಡಿಸಿದ್ದೀರಿ.

ಅಥೆನ್ಸ್‌ನ ಪಾರ್ಥೆನಾನ್ ನಿಮ್ಮಲ್ಲಿ ಒಂದೇ ಸಾಲು: ಕ್ರಿ.ಪೂ. 447ರಲ್ಲಿ ಕಟ್ಟಲು ಶುರುಮಾಡಿದ ಬಿಳಿ ಅಮೃತಶಿಲೆಯ ದೇವಾಲಯ. ಇಷ್ಟೇ ಓದಿ ಹೋದವರು, ವಯಸ್ಸಾಗಿ ಕುಸಿದಿದೆ ಅಂದುಕೊಳ್ಳುತ್ತಾರೆ. ಅದು ಚರ್ಚ್ ಆಗಿತ್ತು, ಮಸೀದಿಯೂ ಆಗಿತ್ತು ಅಂತ ಹೇಳಿ. 1687ರಲ್ಲಿ, ಆಗ ಅಥೆನ್ಸ್ ಆಳುತ್ತಿದ್ದ ಒಟ್ಟೋಮನ್ ತುರ್ಕರು ಒಳಗೆ ಸಿಡಿಮದ್ದು ಇಟ್ಟಿದ್ದರು, ವೆನಿಸ್ ಸೇನೆ ಹಾರಿಸಿದ ಗುಂಡು ಅದರ ಮೇಲೆ ಬಿತ್ತು ಅಂತ ಹೇಳಿ. ಆಗ ಓದುಗರು ಒಳಗಿನ ಗೋಡೆಗಳು ಎಲ್ಲಿ ಹೋದವು ಅಂತ ಹುಡುಕುತ್ತಾರೆ.

ಇಲ್ಲಿ ಇನ್ನೂ ಒಂದು ದೊಡ್ಡ ವಿಷಯ ನಿಮ್ಮ ಕೈತಪ್ಪಿದೆ. 19ನೇ ಶತಮಾನದಲ್ಲಿ ಆ ಅವಶೇಷದೊಳಗಿದ್ದ ಸಣ್ಣ ಮಸೀದಿಯನ್ನು ತೆಗೆದರು. 1870ರ ದಶಕದಲ್ಲಿ, ಪಾರ್ಥೆನಾನ್ ನಿಂತಿರುವ ಗುಡ್ಡದ ಮೇಲಿದ್ದ ಮಧ್ಯಯುಗದ ಗೋಪುರವನ್ನೂ ಕೆಡವಿದರು. ಪ್ರಾಚೀನ ಗ್ರೀಸ್ ಮಾತ್ರ ಕಾಣಲಿ ಅನ್ನುವುದು ಹಾಗೆ ಕೆಡವಿಸಿದವರ ಆಸೆ. ಫಲಕ ನೆಡುವ ಮೊದಲೇ ಕಟ್ಟಡಕ್ಕೆ ಒಂದು ಅರ್ಥ ಕೊಟ್ಟುಬಿಟ್ಟಿದ್ದರು, ಅಲ್ವಾ? ನಿಮ್ಮ ಲೇಖನದ ಜೀವ ಇಲ್ಲಿದೆ.

ಒಂದು ತಪ್ಪನ್ನೂ ತಿದ್ದಿ. ಹಳೆಯ ಚರ್ಚ್‌ಗಳ ಕಿಟಕಿಯ ಗಾಜು ನಿಧಾನವಾಗಿ ಹರಿದು ಕೆಳಗೆ ದಪ್ಪವಾಗಿದೆ ಅಂತ ಬರೆದಿದ್ದೀರಿ. ಅನೇಕ ಗೈಡ್‌ಗಳು ಹೇಳುವ ಕಥೆ ಅದು, ಆದರೆ ಸುಳ್ಳು. ಊದಿ ಕೈಯಿಂದ ಮಾಡಿದ ಗಾಜು ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. ದಪ್ಪ ಅಂಚು ಮೇಲಕ್ಕೆ ಇರುವ ಗಾಜುಗಳೂ ಸಿಗುತ್ತವೆ. ಈ ಭಾಗವನ್ನು ತೆಗೆಯಬೇಡಿ, ತಿರುಗಿಸಿ ಬರೆಯಿರಿ. ರುಚಿಯಾದ ಸುಳ್ಳು ಎಷ್ಟು ಬೇಗ ಮನಸ್ಸಲ್ಲಿ ಕೂರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಉಳಿದ ಹದಿನೇಳು ಕಟ್ಟಡಗಳನ್ನು ಬಿಟ್ಟುಬಿಡಿ. ಪಾರ್ಥೆನಾನ್, ಗಾಜು ಎರಡೇ ಇಟ್ಟುಕೊಂಡು ಮೂರು ಪುಟ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕರು