ಗ್ರಾಫಿಕ್ಸ್ ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಕೆಂಪು ದಾಸವಾಳ ಚಪ್ಪಟೆಯಾಗಿ ಕಾಣುವುದೇಕೆ?

ಪರದೆಯ ಕೆಂಪನ್ನು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ಅಳೆಯುವುದರಿಂದ ಅದಕ್ಕೆ 255 ಎಂಬ ಮಿತಿಯಿದ್ದು, ಎಸಳಿಗೆ ಮೊದಲೇ ಆ ತುದಿಯ ಬಣ್ಣವನ್ನು ತುಂಬಿದರೆ ಬೆಳಕನ್ನು ತೋರಿಸಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಕ್ರಿಟಾದಂತಹ ಚಿತ್ರ ಬಿಡಿಸುವ ಉಚಿತ ತಂತ್ರಾಂಶದಲ್ಲಿ ನಡುಮಟ್ಟದ ಕೆಂಪಿನಿಂದ ಆರಂಭಿಸಿ, ನೆರಳಿಗೆ ಕಪ್ಪನ್ನು ಬೆರೆಸದೆ ನೇರಳೆಯ ಕಡೆಗೂ, ಬಿಸಿಲು ಬಿದ್ದ ಅಂಚಿಗೆ ಕಿತ್ತಳೆಯ ಕಡೆಗೂ ಸರಿಯುವುದು ಒಳ್ಳೆಯದು. ಕಾಸರಗೋಡಿನ ನಮ್ಮ ಮನೆಯ ಮುರಕಲ್ಲಿನ ಗೋಡೆಯ ಪಕ್ಕದ ಹೂವನ್ನು ಮಳೆ ಬಿಟ್ಟ ಮೇಲೆ ನೋಡಿದರೆ, ಮೋಡದ ಬೆಳಕು ಬಿದ್ದ ಎಸಳಿನ ಮಡಿಕೆಗಳು ಕೆಂಪಾಗಿರದೆ ತಿಳಿಗುಲಾಬಿಯಾಗಿ ಕಾಣುತ್ತವೆ. ಫೋಟೊದಲ್ಲಿ ಈ ಸೂಕ್ಷ್ಮ ಹೆಚ್ಚಾಗಿ ಮಾಯವಾಗುವುದರಿಂದ ಹೂವನ್ನೇ ಎದುರಿಗಿಟ್ಟುಕೊಳ್ಳಿರಿ. ಪೆನ್ನಿನ ಒತ್ತಡವನ್ನು ಗೆರೆಯ ದಪ್ಪಕ್ಕಿಂತ ಬಣ್ಣದ ಸಾಂದ್ರತೆಗೆ ಹೊಂದಿಸಿ, ಬುಡದಿಂದ ಅಂಚಿನತ್ತ ನರಗಳ ಜಾಡಿನಲ್ಲೇ ಎಳೆಯಿರಿ. ನಡುದಂಡದ ಹಳದಿ ಪರಾಗವನ್ನೂ ತುದಿಯ ಐದು ಶಲಾಕಾಗ್ರಗಳನ್ನೂ (ಪರಾಗವನ್ನು ಹಿಡಿಯುವ ಪುಟ್ಟ ಗುಂಡುಗಳನ್ನು) ತಂತ್ರಾಂಶದ ಬೇರೆ ಪದರದಲ್ಲಿ (ಲೇಯರ್) ಕೊನೆಗೆ ಬಿಡಿಸಿರಿ.