ಬೆಟಗೇರಿಯ ಸಹೋದರಿಗೆ

ಪ್ರಿಯ ಸಹೋದರಿ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಯಜಮಾನರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಈಗಲೂ ಸಂಜೆ ಗೇಟು ಸದ್ದಾದರೆ ಎದ್ದು ನಿಲ್ಲುತ್ತೀರಿ. ಪ್ರಾರ್ಥನಾ ಕೂಟದಲ್ಲಿ ಒಬ್ಬರು 'ವಿಶ್ವಾಸ ಇದ್ದವರು ಇಷ್ಟು ದಿನ ಅಳೋದಿಲ್ಲಮ್ಮ' ಎಂದರು. ಅಂದಿನಿಂದ ನೀವು ಕೂಟಕ್ಕೆ ಹೋಗಿಲ್ಲ. 'ನಾನು ಅತ್ತರೆ ದೇವರಿಗೆ ಬೇಸರವೇ?' ಎಂದು ಕೇಳಿದ್ದೀರಿ.

ಇಲ್ಲ.

ಅಂಥ ಮಾತು ನಾನೂ ಆಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಸಾವಿನ ಮನೆಯಲ್ಲಿ ಸುಮ್ನೆ ಕೂರುವುದು ಕಷ್ಟ. ಬಾಯಿಗೆ ಬಂದ ವಚನ ಹೇಳಿ ಎದ್ದುಬರುತ್ತೇವೆ. ನಮ್ಮ ಸತ್ಯವೇದ ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಕೆಟ್ಟಿದ್ದು ಅವರು ಬಾಯಿ ತೆರೆದ ಮೇಲೆ! ಕೊನೆಗೆ ದೇವರ ಕೋಪ ತಿರುಗಿದ್ದು ಆ ಬುದ್ಧಿವಾದದವರ ಮೇಲೆಯೇ ಅಲ್ವಾ?

'ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ' ಎಂದಿದ್ದೀರಿ. ಸತ್ಯವೇದದ 88ನೇ ಕೀರ್ತನೆ ತೆಗೆಯಿರಿ. ಹದಿನೆಂಟೇ ವಚನ. ಗೋಳಾಡುವ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 13ನೆಯದು 'ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ' ಎಂದು ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. 88 ಹಾಗೆ ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಕೊನೆಗೊಂದು ಸಮಾಧಾನದ ಸಾಲು ಸೇರಿಸಲೂ ಇಲ್ಲ. ನಿಮಗೆ ಮಾತು ಬರದ ದಿನ ಅದನ್ನೇ ಗಟ್ಟಿಯಾಗಿ ಓದಿ. ಅದೂ ಪ್ರಾರ್ಥನೆಯೇ.

ಸತ್ತ ಗೆಳೆಯ ಲಾಜರನನ್ನು ಇನ್ನೇನು ಜೀವಂತವಾಗಿ ಎಬ್ಬಿಸಲಿದ್ದ ಯೇಸುವೇ ಅವನ ಸಮಾಧಿಯ ಹತ್ತಿರ ಅತ್ತ. ಕೂಟದ ಆ ಮಾತಿಗೆ ಇಷ್ಟು ಉತ್ತರ ಸಾಕು.

ಮೂರು ವಾರದಿಂದ ನಿದ್ದೆ ಇಲ್ಲ ಎಂದೂ ಬರೆದಿದ್ದೀರಿ. ಇದನ್ನು ಹಗುರವಾಗಿ ನೋಡಬೇಡಿ. ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿಯಿದ್ದ. ಇಂದಿಗೂ ಆರಾಧನೆಯಲ್ಲಿ ಹಾಡುವ ಗೀತೆಗಳನ್ನು ಬರೆದವನು. 1773ರಲ್ಲಿ ಅವನ ಮನಸ್ಸು ಪೂರ್ತಿ ಕುಸಿಯಿತು, ದೇವರು ತನ್ನನ್ನು ಕೈಬಿಟ್ಟ ಎಂದೇ ನಂಬಿದ. ಆಲ್ನಿ ಊರಿನ ಸಭೆಯ ಪಾದ್ರಿ ಜಾನ್ ನ್ಯೂಟನ್ ಅವನಿಗೆ 'ವಿಶ್ವಾಸ ಸಾಲದು' ಎಂದು ಹೇಳಿ ಕಳಿಸಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ತನ್ನ ಮನೆಯಲ್ಲೇ ಇಟ್ಟುಕೊಂಡ. ಕೂಪರ್ ಪೂರ್ತಿ ಗುಣವಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆಗ ಇಂಥ ಕಾಯಿಲೆಗೆ ಸರಿಯಾದ ಔಷಧ ಇರಲಿಲ್ಲ. ಈಗ ಇದೆ. ಡಾಕ್ಟರ್ ಹತ್ತಿರ ಹೋಗಿ. ಹೋಗಲು ಮನಸ್ಸಾಗದಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಬಿಟ್ಟಂತಲ್ಲ. ಬಿಪಿಗೆ ತೆಗೆದುಕೊಳ್ಳುತ್ತೇವಲ್ಲ, ಹಾಗೇ.

ಸತ್ಯವೇದದ ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತೇ ಇದೆ. 'ಸಾಕು, ನನ್ನ ಪ್ರಾಣ ತೆಗೆದುಕೋ' ಎಂದು ಗಿಡದ ಕೆಳಗೆ ಮಲಗಿಬಿಟ್ಟ. ದೂತ ಬಂದು ಏನು ಹೇಳಿದ? ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ, ಇನ್ನೊಮ್ಮೆ ಎಬ್ಬಿಸಿ 'ತಿನ್ನು, ದಾರಿ ದೂರ ಇದೆ' ಎಂದ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಬೇರೇನೋ ಹೇಳುವಾಗ, ಒಂದು ಸಾಲು ಬರುತ್ತದೆ. ಪಕ್ಕದ ಮನೆಯ ಅಕ್ಕ ದಿನಾ ಬೆಳಿಗ್ಗೆ ಎರಡು ರೊಟ್ಟಿ ತಂದು, ಏನೂ ಮಾತಾಡದೆ ಕಟ್ಟೆಯ ಮೇಲಿಟ್ಟು ಹೋಗುತ್ತಾರಂತೆ. ಕೂಟಕ್ಕೆ ಯಾವಾಗ ಹೋಗಬೇಕು ಎಂಬುದನ್ನು ಆಮೇಲೆ ಯೋಚಿಸೋಣ. ನಾಳೆ ಅವರು ಬಂದಾಗ ಒಳಗೆ ಕರೆದು ಕೂರಿಸಿ, ಚಹಾ ಮಾಡಿ.

ನಿಮ್ಮ,
ಸಂಪಾದಕ